ನಿಮ್ಮ ಮೊಲಕ್ಕೆ ಹುಚ್ಚು ಹಿಡಿದಿಲ್ಲ

ಗುಮ್ಮಳಾಪುರದ ಕಡೆಯವರಿಗೆ ಹಸು, ಆಡು, ಕೋಳಿಗಳ ಸ್ವಭಾವವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೊಲದ ಪರಿಚಯ ಮಾತ್ರ ಅಷ್ಟಿಲ್ಲ. ಮಕ್ಕಳ ಆಸೆಗೆಂದು ಹೊಸೂರಿನಿಂದ ತಂದ ಮೊಲ ಒಂದು ಸಂಜೆ ಇದ್ದಕ್ಕಿದ್ದಂತೆ ನಡುಮನೆಯ ತುಂಬ ಓಡಿ, ಮೈ ತಿರುಚಿ ಮೇಲಕ್ಕೆ ನೆಗೆದರೆ, ಅಥವಾ ಮೇವು ಹಾಕಲು ಹೋದ ಕೈಯನ್ನೇ ಕಚ್ಚಿದರೆ ನಿಮಗೆ ಗಾಬರಿಯಾಗುವುದು ಸಹಜ. ದೃಷ್ಟಿ ತಾಕಿದೆ ಎನ್ನುವವರಿದ್ದಾರೆ, ಹುಚ್ಚು ಹಿಡಿದಿದೆ ಎನ್ನುವವರೂ ಇದ್ದಾರೆ. ಆ ಮಾತುಗಳನ್ನು ಸ್ವಲ್ಪ ಬದಿಗಿಡಿ. ಈ ಪ್ರಾಣಿ ಎಂಥದ್ದು ಎಂಬುದನ್ನು ಮೊದಲು ನೋಡೋಣ.

ನಿಮ್ಮ ಹೊಲದ ಬದುವಿನಲ್ಲಿ ಚಂಗನೆ ನೆಗೆದು ಓಡುವ ಕಂದು ಕಾಡುಮೊಲ ಬೇರೆ, ಮನೆಯ ಸಾಕುಮೊಲ ಬೇರೆ. ಕಾಡುಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗುತ್ತದೆ, ಅದರ ಮರಿಗಳು ಹುಟ್ಟುವಾಗಲೇ ಕಣ್ಣು ಬಿಟ್ಟಿರುತ್ತವೆ. (ಅದನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.) ಸಾಕುಮೊಲದ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ನೆಲ. ಅದು ಬಿಲ ತೋಡಿ ಗುಂಪಾಗಿ ಬಾಳುವ ಜಾತಿ. ಮರಿಗಳು ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡೇ ಹುಟ್ಟುತ್ತವೆ. ಹದ್ದು, ನರಿ, ನಾಯಿ, ಹಾವು ಎಲ್ಲವಕ್ಕೂ ಅದು ಆಹಾರ. ನೀವು ಕಾಣುವ ವಿಚಿತ್ರ ವರ್ತನೆಗಳಲ್ಲಿ ಹೆಚ್ಚಿನವು ಈ ಭಯದಿಂದ ಮತ್ತು ಬಿಲದ ಬದುಕಿನಿಂದ ಬಂದವು.

ಕಚ್ಚುವುದನ್ನೇ ತೆಗೆದುಕೊಳ್ಳಿ. ಮೊಲದ ಕಣ್ಣುಗಳು ತಲೆಯ ಎರಡು ಬದಿಯಲ್ಲಿವೆ. ಬೆನ್ನ ಹಿಂದಿನದೂ ಅದಕ್ಕೆ ಕಾಣುತ್ತದೆ, ಆದರೆ ಮೂಗಿನ ನೇರ ಮುಂದಿರುವ ವಸ್ತು ಕಾಣುವುದಿಲ್ಲ. ನೀವು ಮೂಗಿನ ಹತ್ತಿರ ಬೆರಳು ತಂದರೆ ಏನೋ ಬಂದು ತಾಕಿದಂತೆ ಅದು ಬೆಚ್ಚುತ್ತದೆ. ಮೇಲಿನಿಂದ ಕೈ ಇಳಿಸಿದರೆ ಹದ್ದೆರಗಿತೆಂದೇ ಅದರ ಲೆಕ್ಕ. ಆದ್ದರಿಂದ ನೆಲದ ಮೇಲೆ ಕುಳಿತು, ಪಕ್ಕದಿಂದ ಕೈ ತಂದು, ಹಣೆಯನ್ನು ಸವರಿ. ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗಕ್ಕೆ ಆಧಾರವಾಗಿರಲಿ. ಹಿಂಗಾಲು ಜೋಲುಬಿಟ್ಟು ಹಿಡಿದಾಗ ಕೊಸರಿಕೊಂಡರೆ ಬೆನ್ನುಮೂಳೆಯೇ ಮುರಿಯಬಹುದು.

ಇನ್ನು ಆ ಓಟ, ಆ ನೆಗೆತ. ಮೊಲ ಚುರುಕಾಗಿರುವುದು ಮುಂಜಾನೆ ಮತ್ತು ಮುಸ್ಸಂಜೆ. ಆ ಹೊತ್ತಿನಲ್ಲಿ ಅದು ಓಡಿ, ಗಾಳಿಯಲ್ಲಿ ತಲೆಯನ್ನೊಂದು ಕಡೆ, ಸೊಂಟವನ್ನೊಂದು ಕಡೆ ತಿರುಗಿಸಿ ನೆಗೆದರೆ ಅದು ಬರೀ ಸಂತೋಷ. ಮೊಲ ಸಾಕುವವರು ಇದನ್ನು ಬಿಂಕಿ ಎನ್ನುತ್ತಾರೆ. ನೆಗೆದು ಬಂದು ನೆಮ್ಮದಿಯಾಗಿ ಮೇವು ತಿಂದರೆ ನೀವು ನಿಶ್ಚಿಂತೆಯಿಂದಿರಿ. ತನ್ನ ಹಿಂಭಾಗಕ್ಕೆ ಬಾಯಿ ಹಾಕಿ ಮೆತ್ತನೆಯ ಹಿಕ್ಕೆಯನ್ನು ನೇರವಾಗಿ ತಿನ್ನುವುದೂ ಸಹಜವೇ. ಮೊದಲ ಸಲ ಅರಗದೆ ಉಳಿದ ಪೋಷಕಾಂಶವನ್ನು ಅದು ಹೀಗೆ ಪಡೆಯುತ್ತದೆ.

ಹಿಂಗಾಲಿನಿಂದ ನೆಲವನ್ನು ದಬದಬ ಬಡಿಯುವುದು ಬೇರೆ ಸಂಗತಿ. ಬಿಲದೊಳಗಿನ ಬಳಗಕ್ಕೆ ಅಪಾಯದ ಸೂಚನೆ ಅದು. ಗುಮ್ಮಳಾಪುರದ ಸುತ್ತ ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ರಾಗಿ ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ, ತಳಿ ಕಾಡುಗಳಿಗೆ ಆನೆಗಳು ಬರುತ್ತವೆ. ಅವುಗಳನ್ನು ಓಡಿಸಲು ರಾತ್ರಿ ಪಟಾಕಿ, ಕೂಗು. ಚಿರತೆಯೂ ಈ ಸೀಮೆಗೆ ಹೊಸದಲ್ಲ. ಬೇಟೆಗಾರ, ಲೇಖಕ ಕೆನೆತ್ ಆ್ಯಂಡರ್ಸನ್ ತಮ್ಮ 1954ರ ಪುಸ್ತಕದಲ್ಲಿ ಈ ಊರಿನ ನರಭಕ್ಷಕ ಚಿರತೆಗೇ ಒಂದು ಅಧ್ಯಾಯ ಕೊಟ್ಟಿದ್ದಾರೆ. ನಿಮಗೆ ಕೇಳದ ಸದ್ದು, ನಿಮಗೆ ತಿಳಿಯದ ವಾಸನೆ ಮೊಲಕ್ಕೆ ತಲುಪುತ್ತವೆ. ಆಗ ಗದರಬೇಡಿ. ಎರಡು ಕಡೆ ಬಾಗಿಲಿರುವ ಒಂದು ರಟ್ಟಿನ ಪೆಟ್ಟಿಗೆಯನ್ನು ಗೂಡಿನಲ್ಲಿಟ್ಟರೆ ಅದೇ ಬಿಲವೆಂದು ಒಳಗೆ ಹೋಗಿ ಕೂರುತ್ತದೆ.

ನಾಲ್ಕರಿಂದ ಆರು ತಿಂಗಳ ವಯಸ್ಸಿನಲ್ಲಿ ಸ್ವಭಾವ ಬದಲಾದರೆ ಅದು ಪ್ರಾಯ. ಗಂಡು ನಿಮ್ಮ ಕಾಲ ಸುತ್ತ ಸುತ್ತುತ್ತದೆ, ಮೂತ್ರ ಸಿಡಿಸುತ್ತದೆ. ಹೆಣ್ಣು ಗೂಡಿನ ಬಳಿ ಬಂದವರ ಮೇಲೆ ಎಗರುತ್ತದೆ. ಗಬ್ಬವಾಗದೆಯೇ ಗಬ್ಬವಾದಂತೆ ವರ್ತಿಸುವುದೂ ಉಂಟು: ಎದೆಯ ಕೂದಲನ್ನು ಕಿತ್ತು ಹಾಸಿಗೆ ಮಾಡಿಕೊಳ್ಳುತ್ತದೆ. ಈ ಸುಳ್ಳು ಗಬ್ಬ 16ರಿಂದ 18 ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಓದಿ. ಬೇಟೆಯಾಗುವ ಪ್ರಾಣಿ ನೋವನ್ನು ತೋರಿಸಿಕೊಳ್ಳುವುದಿಲ್ಲ, ತೋರಿಸಿದರೆ ವೈರಿಯ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಮೊಲ ಕಾಯಿಲೆಬಿದ್ದಾಗ ಅರಚುವುದಿಲ್ಲ. ಮೂಲೆ ಸೇರಿ, ಬೆನ್ನು ಬಾಗಿಸಿ ಕೂರುತ್ತದೆ, ಹಲ್ಲು ಕಡಿಯುತ್ತದೆ. ಕುಣಿತಕ್ಕಿಂತ ಈ ಮೌನಕ್ಕೆ ನೀವು ಹೆಚ್ಚು ಹೆದರಬೇಕು. ನಾನು ಹೊಸಬರಿಗೆ ಮೊದಲು ಕಲಿಸುವುದು ಹಿಕ್ಕೆ ನೋಡುವುದನ್ನು. ವೈದ್ಯರಿಗೆ ನಾಡಿ ಹೇಗೋ ಮೊಲ ಸಾಕುವವರಿಗೆ ಹಿಕ್ಕೆ ಹಾಗೆ. ದುಂಡಗೆ, ಒಣಗಿ, ಧಾರಾಳವಾಗಿ ಬಿದ್ದಿದ್ದರೆ ಒಳ್ಳೆಯದು. ಚಿಕ್ಕದಾದರೆ, ನಿಂತೇಹೋದರೆ ಕರುಳಿನ ಚಲನೆ ನಿಲ್ಲುತ್ತಿದೆ ಎಂದರ್ಥ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ. 12 ಗಂಟೆ ಏನೂ ತಿನ್ನದಿದ್ದರೆ ನಾಳೆ ನೋಡೋಣ ಎನ್ನಬೇಡಿ.

ಕರುಳು ಹೀಗೆ ನಿಲ್ಲುವುದಕ್ಕೆ ಮೂಲ ಹಲವು ಸಲ ಮೇವೇ. ಮೊಲದ ಹಲ್ಲು ಜೀವಮಾನವಿಡೀ ಬೆಳೆಯುತ್ತದೆ, ನಾರಿನ ಮೇವು ಅಗಿದರಷ್ಟೇ ಸವೆಯುತ್ತದೆ. ಒಣಹುಲ್ಲು ಸದಾ ಎದುರಿಗಿರಲಿ, ಗರಿಕೆ ಕೊಡಿ. ಬ್ರೆಡ್ಡು, ಬಿಸ್ಕತ್ತು ಪ್ರೀತಿಯ ಹೆಸರಿನ ಕೆಡುಕು. ಹೊಸೂರಿನ ಸುತ್ತಿನ ಎಲೆಕೋಸು, ಗುಲಾಬಿ ತೋಟಗಳ ಸೊಪ್ಪನ್ನು ಔಷಧಿ ಹೊಡೆದಿಲ್ಲವೆಂದು ಖಾತ್ರಿಯಾಗದೆ ಹಾಕಬೇಡಿ. ಕೀಟನಾಶಕ ಹೊಟ್ಟೆ ಸೇರಿದರೆ ಮೈ ನಡುಗಿ, ಸೆಟೆದು, ಫಿಟ್ಸ್ ಬಂದಂತಾಗಬಹುದು.

ತಲೆ ಒಂದು ಕಡೆ ವಾಲಿ, ಮೊಲ ಗಿರಗಿರನೆ ಉರುಳಿದರೆ ಅದನ್ನು ಲಕ್ವ ಎಂದು ಕೈಬಿಡಬೇಡಿ. ಒಳಕಿವಿಯ ಸೋಂಕಿರಬಹುದು, ಇಲ್ಲವೇ ಮಿದುಳು, ಮೂತ್ರಪಿಂಡಗಳಲ್ಲಿ ನೆಲೆಸುವ ಎನ್‌ಸೆಫಲಿಟೊಜೂನ್ ಎಂಬ ಸೂಕ್ಷ್ಮ ಪರೋಪಜೀವಿ ಕಾರಣವಿರಬಹುದು. ಬೇಗ ಚಿಕಿತ್ಸೆ ಸಿಕ್ಕ ಎಷ್ಟೋ ಮೊಲಗಳು ಚೇತರಿಸಿಕೊಳ್ಳುತ್ತವೆ. ಬರೀ ತಲೆ ಒದರಿ ಕಿವಿ ಕೆರೆದುಕೊಳ್ಳುತ್ತಿದ್ದರೆ ಕಿವಿಯೊಳಗೆ ನುಸಿ ಇದೆಯೇ ನೋಡಿ. ಕಂದು ಹಕ್ಕಳೆ ಕಟ್ಟಿರುತ್ತದೆ.

ಬೇಸಿಗೆಯಲ್ಲಿ ಮಂಕಾಗಿ ಏದುಸಿರು ಬಿಟ್ಟರೆ ಅದು ಬಿಸಿಲ ಬಾಧೆ. ತಳಿ ಸೀಮೆ ತಂಪೆಂದು ನಂಬಿ ತಗಡಿನ ಚಾವಣಿಯ ಕೆಳಗೆ ಗೂಡಿಡಬೇಡಿ, 30 ಡಿಗ್ರಿ ದಾಟಿದರೆ ಮೊಲಕ್ಕೆ ಕಷ್ಟ. ಕಿವಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣೀರಿನಲ್ಲಿ ಮುಳುಗಿಸಬೇಡಿ.

ಪಶುವೈದ್ಯರ ಬಳಿ ಹೋಗುವಾಗ ಕೊನೆಯ ಸಲ ತಿಂದದ್ದು ಯಾವಾಗ, ಹಿಕ್ಕೆ ಹೇಗಿತ್ತು, ಹೊಸದಾಗಿ ಯಾವ ಸೊಪ್ಪು ಹಾಕಿದಿರಿ ಎಂಬುದನ್ನು ಚೀಟಿಯಲ್ಲಿ ಬರೆದುಕೊಳ್ಳಿ. ವಿಚಿತ್ರ ವರ್ತನೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ, ಏಕೆಂದರೆ ಅಪರಿಚಿತ ಜಾಗದಲ್ಲಿ ಮೊಲ ಕಲ್ಲಿನಂತೆ ಕೂತುಬಿಡುತ್ತದೆ. ಮನೆಯಲ್ಲಿ ಉಳಿದ ಔಷಧಿಯನ್ನು ನೀವಾಗಿ ಕೊಡಬೇಡಿ. ನಾಯಿಯ ಉಣ್ಣಿಗೆ ಹಚ್ಚುವ ಫಿಪ್ರೊನಿಲ್ ಮೊಲವನ್ನು ಕೊಲ್ಲಬಲ್ಲದು; ನಾವು ನುಂಗುವ ಅಮಾಕ್ಸಿಸಿಲಿನ್ ಅದರ ಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ನಾಶಮಾಡಿ ಅಷ್ಟೇ ಕೇಡು ಮಾಡುತ್ತದೆ.