ಸ್ಕೇಲ್ ಮಾಡೆಲ್ ಕಾರ್ ಕಿಟ್‌ಗಳು: ಮುಖ್ಯಾಂಶಗಳು

ನಿಜವಾದ ಕಾರಿನ ಅಳತೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಇಳಿಸಿ, ಬಿಡಿಭಾಗಗಳಾಗಿ ಅಚ್ಚು ಹಾಕಿ ಪೆಟ್ಟಿಗೆಯಲ್ಲಿ ಕೊಡುವುದೇ ಕಿಟ್. ಕತ್ತರಿಸುವುದು, ಅಂಟಿಸುವುದು, ಬಣ್ಣ ಹೊಡೆಯುವುದು ಕೊಂಡವರ ಕೆಲಸ. ಸಿದ್ಧವಾಗಿಯೇ ಬರುವ ಲೋಹದ ಡೈಕಾಸ್ಟ್ ಕಾರು ಬೇರೆ ವರ್ಗಕ್ಕೆ ಸೇರುತ್ತದೆ. ಮ್ಯಾಟೆಲ್ ಕಂಪನಿ 1968ರಲ್ಲಿ ತಂದ ಹಾಟ್ ವೀಲ್ಸ್ (ಸುಮಾರು 1:64) ಡೈಕಾಸ್ಟ್. ರಸಪ್ರಶ್ನೆಗೆ ಓದುವವರು ಈ ಎರಡನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು.

ಸ್ಕೇಲ್ ಲೆಕ್ಕ

- 1:24: ಕಾರಿನ 24 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ. ಹಳೆಯ ಅಳತೆಯಲ್ಲಿ ಒಂದು ಅಡಿಗೆ ಅರ್ಧ ಅಂಗುಲ.
- 1:12: ಒಂದು ಅಡಿಗೆ ಒಂದು ಅಂಗುಲ. 1:24ರ ಎರಡರಷ್ಟು ಉದ್ದ, ಆದರೆ ಎಂಟರಷ್ಟು ಗಾತ್ರ.
- 1:43: ಬ್ರಿಟನ್ನಿನ ಓ ಗೇಜ್ ಆಟಿಕೆ ರೈಲಿನಿಂದ ಬಂದದ್ದು. ಅಲ್ಲಿ ಒಂದು ಅಡಿಗೆ 7 ಮಿ.ಮೀ.
- 4.8 ಮೀಟರ್ ಉದ್ದದ ಕಾರು 1:12ರಲ್ಲಿ 400 ಮಿ.ಮೀ., 1:24ರಲ್ಲಿ 200, 1:25ರಲ್ಲಿ 192, 1:43ರಲ್ಲಿ ಸುಮಾರು 112.

ಅಮೆರಿಕದ ಎಎಂಟಿ, ಎಂಪಿಸಿ, ಜೋ-ಹ್ಯಾನ್ ಕಿಟ್‌ಗಳು ಹೆಚ್ಚಾಗಿ 1:25. ಮಾನೋಗ್ರಾಮ್ ಮತ್ತು ಜಪಾನಿನ ಕಂಪನಿಗಳದ್ದು 1:24. ಒಂದರ ಚಕ್ರ ಇನ್ನೊಂದಕ್ಕೆ ಹಾಕಿದರೆ ಕಣ್ಣಿಗೆ ಗೊತ್ತಾಗುವುದಿಲ್ಲ, ಡ್ಯಾಶ್‌ಬೋರ್ಡ್ ಮಾತ್ರ ಕೂರುವುದಿಲ್ಲ.

ಈ ಲೆಕ್ಕ ಬಣ್ಣಕ್ಕೂ ಅನ್ವಯಿಸುತ್ತದೆ ಎಂಬುದನ್ನು ಬಹಳಷ್ಟು ಮಂದಿ ಮರೆಯುತ್ತಾರೆ. 1:24ರ ಮಾದರಿಯ ಮೇಲೆ 0.1 ಮಿ.ಮೀ. ದಪ್ಪ ಬಣ್ಣ ಕೂತರೆ, ನಿಜವಾದ ಕಾರಿನ ಮೇಲೆ 2.4 ಮಿ.ಮೀ. ಬಣ್ಣ ಮೆತ್ತಿದ ಹಾಗೆ. ಬಾಗಿಲಿನ ಸುತ್ತ 4 ಮಿ.ಮೀ. ಸಂದಿದ್ದರೆ ಮಾದರಿಯಲ್ಲಿ ಅದು 0.17 ಮಿ.ಮೀ. ಮಾತ್ರ. ದಪ್ಪ ಬಣ್ಣ ಆ ಗೀರನ್ನು ಮುಚ್ಚಿಬಿಡುತ್ತದೆ, ಕಾರು ಸೋಪಿನ ತುಂಡಿನಂತೆ ಕಾಣುತ್ತದೆ. ತೆಳುವಾಗಿ ಹಲವು ಸಲ ಹೊಡೆಯಿರಿ ಎಂಬ ನಿಯಮದ ಮೂಲ ಇದೇ.

ಹುಟ್ಟು: ಕಾರು ಮಾರುವವರ ಉಡುಗೊರೆ

ಈ ಹವ್ಯಾಸ ಹುಟ್ಟಿದ್ದು ಕಾರಿನ ಷೋರೂಮಿನಲ್ಲಿ. ಎರಡನೇ ಮಹಾಯುದ್ಧದ ನಂತರ ಡೆಟ್ರಾಯಿಟ್ ಸುತ್ತಮುತ್ತಲ ಕಂಪನಿಗಳು ಆಯಾ ವರ್ಷದ ಕಾರುಗಳ ಚಿಕ್ಕ ಮಾದರಿಗಳನ್ನು ಮಾಡಿ ಡೀಲರುಗಳಿಗೆ ಒದಗಿಸುತ್ತಿದ್ದವು. ಇವಕ್ಕೆ ಪ್ರೊಮೋ ಎಂದು ಹೆಸರು. ಕಾರು ನೋಡಲು ಬಂದವರ ಮಕ್ಕಳ ಕೈಗೆ ಅವು ಸೇರುತ್ತಿದ್ದವು.

- ಎಎಂಟಿ: 1948, ಮಿಷಿಗನ್. ಪೂರ್ಣ ಹೆಸರು ಅಲ್ಯೂಮಿನಂ ಮಾಡೆಲ್ ಟಾಯ್ಸ್. ಮುಂದೆ ಪ್ಲಾಸ್ಟಿಕ್ಕಿಗೆ ಬಂದರೂ ಹೆಸರು ಉಳಿಯಿತು.
- 1958: ಎಎಂಟಿಯ ತ್ರೀ-ಇನ್-ವನ್ ಕಿಟ್‌ಗಳು. ಒಂದೇ ಪೆಟ್ಟಿಗೆಯ ಭಾಗಗಳಿಂದ ಕಾರ್ಖಾನೆಯ ರೂಪ, ಮಾರ್ಪಡಿಸಿದ ರೂಪ, ರೇಸ್ ರೂಪ, ಈ ಮೂರರಲ್ಲಿ ಬೇಕಾದ್ದನ್ನು ಕಟ್ಟಬಹುದು.
- ಮಾನೋಗ್ರಾಮ್: 1945, ಷಿಕಾಗೊ. ರೆವೆಲ್: ಲೂಯಿಸ್ ಗ್ಲೇಸರ್ ಸ್ಥಾಪನೆ, ಕ್ಯಾಲಿಫೋರ್ನಿಯಾದ ವೆನಿಸ್. 1986ರಲ್ಲಿ ಇವೆರಡೂ ಒಂದಾದವು. ಜರ್ಮನಿಯ ರೆವೆಲ್ ಬ್ಯೂಂಡೆ ಪಟ್ಟಣದಲ್ಲಿದೆ, ಆರಂಭ 1956.
- ಎಂಪಿಸಿ: 1960ರ ದಶಕದ ಆರಂಭ, ಮಿಷಿಗನ್. ಎಎಂಟಿ ಮತ್ತು ಎಂಪಿಸಿ ಹೆಸರುಗಳು ಈಗ ಇಂಡಿಯಾನಾದ ರೌಂಡ್ 2 ಕಂಪನಿಯ ಕೈಯಲ್ಲಿವೆ.
- ಫಿಷರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್: ಜನರಲ್ ಮೋಟಾರ್ಸ್ ಹದಿಹರೆಯದವರಿಗೆ ನಡೆಸಿದ ಮಾದರಿ ತಯಾರಿಕೆಯ ಸ್ಪರ್ಧೆ, 1930ರಿಂದ 1968. ಬಹುಮಾನ ವಿದ್ಯಾರ್ಥಿವೇತನ. ಗೆದ್ದ ಕೆಲವರು ಮುಂದೆ ಅದೇ ಕಂಪನಿಯ ವಿನ್ಯಾಸಗಾರರಾದರು.

ಬ್ರಿಟನ್ನಿನಲ್ಲೂ ಕಥೆ ಇದೇ. ಏರ್‌ಫಿಕ್ಸ್‌ನ ಮೊದಲ ಕಿಟ್ (1949) ಫರ್ಗ್ಯುಸನ್ ಟ್ರ್ಯಾಕ್ಟರಿನದು, ಅದೂ ಟ್ರ್ಯಾಕ್ಟರ್ ಮಾರಾಟಗಾರರಿಗಾಗಿ ಮಾಡಿದ್ದೇ.

ಕಿಟ್‌ನ ಮಹತ್ವ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಸಾಕು. ಕ್ರೈಸ್ಲರ್ ಕಂಪನಿ 1963ರಲ್ಲಿ ಟರ್ಬೈನ್ ಎಂಜಿನ್ನಿನ ಕಾರು ತಂದಿತು. ದೇಹ ಕಟ್ಟಿದ್ದು ಇಟಲಿಯ ಟುರಿನ್‌ನ ಘಿಯಾ. ಪ್ರಾಯೋಗಿಕ ಕಾರುಗಳೂ ಸೇರಿ ಒಟ್ಟು 55 ಮಾತ್ರ ತಯಾರಾದವು. ಅವನ್ನು ಸಾಮಾನ್ಯ ಕುಟುಂಬಗಳಿಗೆ ಸರದಿಯ ಮೇಲೆ ಓಡಿಸಲು ಕೊಟ್ಟು, ಪ್ರಯೋಗ ಮುಗಿದ ಮೇಲೆ ವಾಪಸ್ ಪಡೆದು ಬಹುಪಾಲು ನಾಶಪಡಿಸಿದರು. ಉಳಿದದ್ದು 9. ಜೋ-ಹ್ಯಾನ್ ಆ ಕಾರಿನ 1:25 ಕಿಟ್ ಮಾಡಿತ್ತು, ಟರ್ಬೈನ್ ಎಂಜಿನ್ ಸಹಿತ. ಕಾರ್ಖಾನೆಯೇ ಅಳಿಸಿಹಾಕಿದ ಕಾರನ್ನು ಇಂದಿಗೂ ಭಾಗ ಭಾಗವಾಗಿ ಜೋಡಿಸಿ ನೋಡಬಹುದಾದರೆ ಅದು ಈ ಕಿಟ್‌ನಿಂದ. ಇವನ್ನು ಮಕ್ಕಳ ಆಟಿಕೆ ಎಂದು ತಳ್ಳಿಹಾಕುವುದು ತಪ್ಪು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಜಪಾನ್: ಷಿಜುವೊಕ

- ಟಮಿಯಾ: 1946ರಲ್ಲಿ ಯೋಷಿಯೊ ಟಮಿಯಾ ಆರಂಭಿಸಿದ ಮರದ ವ್ಯಾಪಾರ. ಮೊದಲು ಮರದ ಮಾದರಿಗಳು. ಮೊದಲ ಪ್ಲಾಸ್ಟಿಕ್ ಕಿಟ್ 1960ರ ಯಮಾಟೊ ಯುದ್ಧನೌಕೆ.
- ಅಯೋಷಿಮಾ, ಫ್ಯುಜಿಮಿ, ಹಸೆಗಾವಾ ಇವೂ ಷಿಜುವೊಕ ಪ್ರಾಂತ್ಯದವೇ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಲ್ಲಿ ಷಿಜುವೊಕ ಹಾಬಿ ಷೋ ನಡೆಯುತ್ತದೆ.
- 1976: ಟಮಿಯಾದ 1:12 ಪೋರ್ಷ 934. ಈ ಕಿಟ್‌ಗಾಗಿ ಯೋಷಿಯೊ ಅವರ ಮಗ ಷುನ್‌ಸಾಕು ಟಮಿಯಾ ನಿಜವಾದ ಪೋರ್ಷ 911 ಒಂದನ್ನು ಕೊಂಡು, ಬಿಚ್ಚಿ, ಒಳಭಾಗಗಳನ್ನು ಅಭ್ಯಾಸ ಮಾಡಿಸಿದರು.

ವಸ್ತು ಮತ್ತು ಕೆಲಸ

ಕಿಟ್‌ನ ಮುಖ್ಯ ವಸ್ತು ಪಾಲಿಸ್ಟೈರೀನ್. ಕರಗಿಸಿ ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತಾರೆ. ಭಾಗಗಳನ್ನು ಹಿಡಿದಿಡುವ ಚೌಕಟ್ಟಿಗೆ ಸ್ಪ್ರೂ ಅಥವಾ ರನ್ನರ್ ಎನ್ನುತ್ತಾರೆ. ಟೈರುಗಳು ಸಾಮಾನ್ಯವಾಗಿ ವಿನೈಲ್.

ಪ್ಲಾಸ್ಟಿಕ್ ಸಿಮೆಂಟ್ ನಿಜವಾದ ಅರ್ಥದಲ್ಲಿ ಅಂಟಲ್ಲ, ದ್ರಾವಕ. ಎರಡೂ ಅಂಚುಗಳನ್ನು ಕರಗಿಸುತ್ತದೆ, ದ್ರಾವಕ ಆರಿದ ಮೇಲೆ ಎರಡು ಭಾಗ ಒಂದೇ ಆಗಿರುತ್ತದೆ, ಬೆಸುಗೆಯಂತೆ. ಬಣ್ಣ ಅಥವಾ ಕ್ರೋಮ್ ಲೇಪವಿದ್ದ ಕಡೆ ಅದು ಹಿಡಿಯುವುದಿಲ್ಲ, ಮೊದಲು ಕೆರೆದು ತೆಗೆಯಬೇಕು. ಲೋಹ, ರೆಸಿನ್ ಭಾಗಗಳಿಗೆ ಸೂಪರ್ ಗ್ಲೂ. ಗಾಜಿನ ಭಾಗಕ್ಕೆ ಅದನ್ನು ಮುಟ್ಟಿಸಬೇಡಿ, ಅದರ ಆವಿಗೆ ಗಾಜು ಮಂಜು ಕಟ್ಟಿದಂತೆ ಬೆಳ್ಳಗಾಗುತ್ತದೆ. ಅಲ್ಲಿಗೆ ಬಿಳಿ ಫೆವಿಕಾಲ್ ಸಾಕು.

ಅನುಕ್ರಮ ಹೀಗೆ: ಸೋಪಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡು ತೆಗೆಯುವುದು, ಅಂಟಿಲ್ಲದೆ ಒಮ್ಮೆ ಜೋಡಿಸಿ ನೋಡುವುದು, ಅಚ್ಚಿನ ಗೆರೆಯನ್ನು ಉಜ್ಜುವುದು, ಪ್ರೈಮರ್, ಬಣ್ಣ, ಡಿಕಾಲ್ (ಅಂಟಿಸುವ ಚಿತ್ರ), ಕ್ಲಿಯರ್ ಕೋಟ್. ಮಡ್‌ಗಾರ್ಡಿನ ಮೇಲೆ ಕೂದಲೆಳೆಯಂತೆ ಹಾದುಹೋಗುವ ಅಚ್ಚಿನ ಗೆರೆ ಬರಿಗಣ್ಣಿಗೆ ಕಾಣದಿದ್ದರೂ ಹೊಳಪಿನ ಬಣ್ಣದ ಕೆಳಗೆ ಎದ್ದು ಕಾಣುತ್ತದೆ. ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ 400, 600, 1000 ಎಂದು ನಯವಾಗುತ್ತ ಹೋಗಬೇಕು. ಅವಸರ ಮಾಡುವವರು ಸೋಲುವುದು ಹೆಚ್ಚಾಗಿ ಈ ಹಂತದಲ್ಲೇ.

ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಚೆನ್ನಾಗಿ ಒಣಗಿದ ಲ್ಯಾಕರ್ ಮೇಲೆ ಎನಾಮಲ್ ಹೊಡೆಯಬಹುದು. ಕಿಟಕಿ ತೆರೆದಿರಲಿ, ಮಾಸ್ಕ್ ಇರಲಿ.

ನಿಜವಾದ ಹಳೆಯ ಕಾರನ್ನು ಹತ್ತಿರದಿಂದ ನೋಡಲು, ಕ್ರೋಮ್ ಪಟ್ಟಿಗಳು ಎಲ್ಲಿ ಹೊಳೆಯುತ್ತವೆ, ಎಲ್ಲಿ ಮಂಕಾಗಿವೆ ಎಂದು ಗುರುತಿಸಿಕೊಳ್ಳಲು ನಮ್ಮವರಿಗೆ ಒಳ್ಳೆಯ ಜಾಗ ಶ್ರೀರಂಗಪಟ್ಟಣ ಸಮೀಪದ ಪಯಣ ಕಾರು ಸಂಗ್ರಹಾಲಯ.

ಸಂಗ್ರಹ

- 1960ರ ದಶಕದ ವಾರ್ಷಿಕ ಕಿಟ್‌ಗಳು ದುಬಾರಿ. ಕಾರಿನ ರೂಪ ವರ್ಷ ವರ್ಷ ಬದಲಾದಂತೆ ಕಂಪನಿಗಳು ಅದೇ ಅಚ್ಚನ್ನು ತಿದ್ದಿ ಮುಂದಿನ ವರ್ಷದ ಕಿಟ್‌ಗೆ ಬಳಸುತ್ತಿದ್ದವು. ಹಾಗಾಗಿ ಹಳೆಯ ಅಚ್ಚು ಉಳಿದಿಲ್ಲ, ಅದರಿಂದ ಮರುಮುದ್ರಣವೂ ಸಾಧ್ಯವಿಲ್ಲ.
- ವಿನೈಲ್ ಟೈರಿನಿಂದ ಹೊರಬರುವ ಪ್ಲಾಸ್ಟಿಸೈಜರ್ ಸ್ಟೈರೀನನ್ನು ತಿನ್ನುತ್ತದೆ. ಟೈರುಗಳನ್ನು, ಗಾಜಿನ ಭಾಗಗಳನ್ನು ಬೇರೆ ಬೇರೆ ಚೀಲದಲ್ಲಿಡಿ.
- ಡಿಕಾಲ್ ಹಾಳೆಗೆ ಬಿಸಿಲು, ತೇವ ಎರಡೂ ಆಗದು.
- ಪೆಟ್ಟಿಗೆ, ಸೂಚನಾ ಹಾಳೆ ಎರಡನ್ನೂ ಎಸೆಯಬಾರದು.

ಭಾರತದಲ್ಲಿ

ಸೀಮಾ ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾದರಿಗಳು ಬರುವುದು 9503ನೇ ಶೀರ್ಷಿಕೆಯಲ್ಲಿ, ಗೊಂಬೆ ಮತ್ತು ಆಟಿಕೆಗಳ ಜೊತೆ. ಆಟಿಕೆಗಳ ಮೂಲ ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿತು. ದೇಶೀಯ ಆಟಿಕೆ ಉದ್ಯಮಕ್ಕೆ ಆಸರೆಯಾಗಲಿ ಎಂಬುದು ಉದ್ದೇಶ. ಆದರೆ ಟಮಿಯಾ, ರೆವೆಲ್‌ಗಳ ಮಟ್ಟದ ಕಾರ್ ಕಿಟ್ ನಮ್ಮಲ್ಲಿ ಸಿಗಬೇಕೆಂದರೆ ಆಮದೇ ದಾರಿ, ಆ ಹೊರೆ ಬೀಳುವುದು ಕಲಿಯುವ ಹುಡುಗ ಹುಡುಗಿಯರ ಮೇಲೆ. ಕಿಟ್‌ಗಳನ್ನು ಆಟಿಕೆಗಳಿಂದ ಬೇರ್ಪಡಿಸಿ, ಕಡಿಮೆ ಸುಂಕ ವಿಧಿಸಬೇಕು.