ಕೊನೆಗೆ ಮುಟ್ಟಿದ್ದು ಏನು? – ರ‍್ಯಾಮ್ ಹಾಕಿದ ಮೇಲೆ ಏಳದ ಕಂಪ್ಯೂಟರ್ ಕಲಿಸಿದ ಪಾಠ

ಸತ್ವಾದ ನಮ್ಮ ರೂಮಿನಲ್ಲಿ ನಾವು ನಾಲ್ವರು. ನಾಲ್ವರಿಗೂ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಯಾವುದೋ ಆಫೀಸಿನಲ್ಲಿ ದುಡಿದು ಬಂದದ್ದು. ಅದರಲ್ಲಿದ್ದದ್ದು 8 ಜಿಬಿ ರ‍್ಯಾಮ್. ಹುಬ್ಬಳ್ಳಿ ಗೆಳೆಯನ ಥೀಸಿಸ್ ಕೆಲಸ ಶುರುವಾದರೆ ಸಾಕು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ. ಥೀಸಿಸ್ ಕೊಡೋದಕ್ಕೆ ಒಂಬತ್ತು ದಿನ ಇದ್ದಾಗ ಬರ್ ದುಬೈಗೆ ಹೋಗಿ ಇನ್ನೊಂದು 8 ಜಿಬಿ ಸ್ಟಿಕ್ ತಂದೆವು. ಅದೂ ಬಳಸಿದ್ದೇ. ಹಾಕಿ ಆನ್ ಮಾಡಿದೆವು. ವಿಂಡೋಸ್ ಲೋಗೋ ಬಂತು, ಚುಕ್ಕಿಗಳು ನಾಲ್ಕು ಸುತ್ತು ತಿರುಗಿದವು, ನೀಲಿ ಪರದೆ ಬಂತು, ತಾನೇ ರಿಸ್ಟಾರ್ಟ್ ಆಯ್ತು. ಮತ್ತೆ ಅದೇ ಕಥೆ.

ನಮ್ಮಲ್ಲಿ ಮೂವರು ಎಂಜಿನಿಯರಿಂಗ್ ಓದಿದವರು. ಆದರೂ ಮುಂದಿನ ಎರಡು ಗಂಟೆ ನಾವು ಮಾಡಿದ್ದೆಲ್ಲ ತಪ್ಪು. ಆ ತಪ್ಪುಗಳೇ ಈ ಲೇಖನದ ಪಾಠ.

ನಾವು ಕೆಡಿಸಿಕೊಂಡ ಬಗೆ

ಒಬ್ಬ ಬಯಾಸ್‌ಗೆ ಹೋಗಿ ಎಲ್ಲವನ್ನೂ ಡಿಫಾಲ್ಟ್‌ಗೆ ಹಾಕಿದ. ಇನ್ನೊಬ್ಬ ಎಸ್‌ಎಸ್‌ಡಿ ಕೇಬಲ್ ಬಿಚ್ಚಿ ಬೇರೆ ಕಡೆ ಸಿಕ್ಕಿಸಿದ. ಆಮೇಲೆ ಹೊಸ ಸ್ಟಿಕ್ ತೆಗೆದು ನೋಡಿದೆವು. ಆಗಲೂ ನೀಲಿ ಪರದೆ! "ಹಾಗಾದ್ರೆ ಸ್ಟಿಕ್‌ನದ್ದು ತಪ್ಪಿಲ್ಲ" ಅಂತ ತೀರ್ಮಾನ ಮಾಡಿದೆವು.

"ವಿಂಡೋಸ್ ಹೋಗಿದೆ ಮಾರಾಯ, ಫಾರ್ಮ್ಯಾಟ್ ಮಾಡಿಬಿಡುವ" ಅಂದ ಪುತ್ತೂರಿನವ.

"ತಡೀಲೇ, ಅದರಾಗ ನನ್ನ ಥೀಸಿಸ್ ಐತಿ!" ಅಂದ ಹುಬ್ಬಳ್ಳಿಯವ. ಅವನ ಕೊನೆಯ ಬ್ಯಾಕಪ್ ಮೂರು ವಾರ ಹಳೆಯದು.

ಅಲ್ಲಿಗೆ ಎಲ್ಲರೂ ಕೈ ಎತ್ತಿ ಕೂತೆವು. ಚಹಾ ಮಾಡಿಕೊಂಡು, ರೂಮಿನ ವಾಟ್ಸಾಪ್ ಗ್ರೂಪಿಗೆ ನಾವೇ ಕಳಿಸಿಕೊಂಡಿದ್ದ ಫೋಟೋಗಳನ್ನು ಮೊದಲಿಂದ ನೋಡಿದೆವು. ಮೊದಲ ಫೋಟೋದಲ್ಲಿ ನೀಲಿ ಪರದೆಯ ಕೆಳಗೆ 'ಮೆಮೊರಿ ಮ್ಯಾನೇಜ್‌ಮೆಂಟ್' ಅಂತಿತ್ತು. ಕೊನೆಯದರಲ್ಲಿ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತಿತ್ತು. ಬಣ್ಣ ಒಂದೇ, ಕಾಯಿಲೆ ಬೇರೆ. ಎರಡನೇದನ್ನು ತಂದವರು ನಾವೇ.

ಆದದ್ದು ಇಷ್ಟು. ನಮ್ಮ ವಿಂಡೋಸ್ ಇನ್‌ಸ್ಟಾಲ್ ಆದಾಗ ಬಯಾಸ್‌ನಲ್ಲಿ ಡಿಸ್ಕ್ ಮೋಡ್ 'ಎಎಚ್‌ಸಿಐ' ಇತ್ತು. ಡಿಫಾಲ್ಟ್‌ಗೆ ಹಾಕಿದಾಗ ಅದು 'ರೇಡ್' ಆಯ್ತು. ಆ ಮೋಡಿಗೆ ಬೇಕಾದ ಡ್ರೈವರನ್ನು ವಿಂಡೋಸ್ ಶುರುವಿನಲ್ಲಿ ಲೋಡ್ ಮಾಡದಿದ್ದರೆ, ಅದಕ್ಕೆ ತನ್ನದೇ ಡಿಸ್ಕ್ ಕಾಣೋದಿಲ್ಲ. ಹಾಗಾಗಿ ಕೆಟ್ಟ ಸ್ಟಿಕ್ ತೆಗೆದರೂ ಮಷಿನ್ ಏಳಲಿಲ್ಲ. ಎರಡನೇ ದೋಷ ಮೊದಲನೆಯದನ್ನು ಮುಚ್ಚಿಟ್ಟಿತ್ತು.

ಎಲ್ಲಿ ನಿಂತಿತು ಅಂತ ಮೊದಲು ನೋಡಿ

ಬಟನ್ ಒತ್ತಿದಾಗ ಕೆಲಸ ಸಾಲಾಗಿ ನಡೆಯುತ್ತೆ. ಮೊದಲು ಮದರ್‌ಬೋರ್ಡ್ ತನ್ನ ಭಾಗಗಳನ್ನು ತಪಾಸಣೆ ಮಾಡುತ್ತೆ, ಆಮೇಲೆ ಬೂಟ್ ಡಿಸ್ಕ್ ಹುಡುಕುತ್ತೆ, ನಂತರ ವಿಂಡೋಸ್ ಡ್ರೈವರ್‌ಗಳನ್ನು ಎತ್ತಿಕೊಳ್ಳುತ್ತೆ, ಕೊನೆಗೆ ಲಾಗಿನ್. ಎಲ್ಲಿ ನಿಂತಿತೋ ಅಲ್ಲಿಂದ ಹುಡುಕಬೇಕು.

– ಫ್ಯಾನ್ ತಿರುಗುತ್ತೆ, ಪರದೆ ಖಾಲಿ, ಬೀಪ್ ಸದ್ದು: ರ‍್ಯಾಮ್ ಪೂರ್ತಿ ಕೂತಿಲ್ಲದಿರಬಹುದು. ಗ್ರಾಫಿಕ್ಸ್ ಕಾರ್ಡ್ ಹಾಕಿದ್ದರೆ ಮಾನಿಟರ್ ಕೇಬಲ್ ಕಾರ್ಡಿಗೇ ಇದೆಯಾ, ಕಾರ್ಡಿಗೆ ಪವರ್ ಕೇಬಲ್ ಕೊಟ್ಟಿದ್ದೀರಾ ನೋಡಿ. ಡಿಡಿಆರ್5 ರ‍್ಯಾಮ್ ಹೊಸದಾಗಿ ಹಾಕಿದಾಗ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಲ್ಲಿ ಪ್ಲಗ್ ಕೀಳಬೇಡಿ.

– ಕಂಪನಿ ಲೋಗೋ ಬಂದು, ಬೂಟ್ ಡಿವೈಸ್ ಇಲ್ಲ ಅನ್ನುತ್ತೆ: ಎಸ್‌ಎಸ್‌ಡಿ, ಕೇಬಲ್, ಬೂಟ್ ಆರ್ಡರ್.

– ವಿಂಡೋಸ್ ಚುಕ್ಕಿ ತಿರುಗಿ ನೀಲಿ ಪರದೆ: ರ‍್ಯಾಮ್, ಡ್ರೈವರ್, ಡಿಸ್ಕ್ ಮೋಡ್. ವಿಂಡೋಸ್ 11ರ ಹೊಸ ಅಪ್‌ಡೇಟ್‌ಗಳಲ್ಲಿ ಈ ಪರದೆ ಕಪ್ಪು. ಬರಹವನ್ನು ಓದಿ, ಬಣ್ಣವನ್ನಲ್ಲ.

– ಲಾಗಿನ್ ಆಗಿ, ಭಾರದ ಕೆಲಸ ಕೊಟ್ಟಾಗ ಆಫ್: ಬಿಸಿ, ಇಲ್ಲವೇ ಪವರ್ ಸಪ್ಲೈ ಸಾಲದು.

ಕೆಟ್ಟ ರ‍್ಯಾಮ್ ಇದ್ದರೂ ಲೋಗೋ ತನಕ ಯಾಕೆ ಬರುತ್ತೆ? ಶುರುವಿನ ತಪಾಸಣೆ ಮೇಲುಮೇಲಿನದು. ವಿಂಡೋಸ್ ಬಂದ ಮೇಲೆಯೇ ಮೆಮೊರಿಯ ಉದ್ದಗಲಕ್ಕೂ ಬಳಕೆ ಶುರು. ಹಾಳಾದ ಜಾಗ ಮುಟ್ಟಿದ ಕೂಡಲೇ ಬೀಳುತ್ತೆ. ಇದರಲ್ಲೊಂದು ಅಪಾಯ ಉಂಟು: ಕೆಟ್ಟ ಮೆಮೊರಿಯಿಂದ ಹೋದ ತಪ್ಪು ಡೇಟಾ ಡಿಸ್ಕಿನ ಮೇಲೂ ಬರೆದುಬಿಡಬಹುದು. ಅಂದ್ರೆ "ಇನ್ನೊಂದ್ಸಲ ಆನ್ ಮಾಡಿ ನೋಡೋಣ" ಅಂತ ಹತ್ತು ಸಲ ಮಾಡೋದು ನಿಮ್ಮ ಫೈಲ್‌ಗಳ ಜೊತೆ ಜೂಜು.

ಕ್ರಮ

1. ಬರಹದ ಫೋಟೋ ತೆಗೆಯಿರಿ. ಪ್ರತಿ ಸಲವೂ. ಬಯಾಸ್‌ನಲ್ಲಿ ಏನನ್ನಾದರೂ ಬದಲಿಸುವ ಮೊದಲು ಆ ಪುಟದ ಫೋಟೋ ಸಹ.

2. ಲ್ಯಾಪ್‌ಟಾಪ್ ಆದರೆ, ಬಯಾಸ್ ಮುಟ್ಟುವ ಮೊದಲು ಬಿಟ್‌ಲಾಕರ್ ಕೀ ಇದೆಯಾ ನೋಡಿ. ಅದು 48 ಅಂಕಿಗಳದ್ದು. ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ, ಯೂನಿವರ್ಸಿಟಿ ಮಷಿನ್ ಆದರೆ ಅವರ ಐಟಿ ವಿಭಾಗದಲ್ಲಿ ಸಿಗುತ್ತೆ. ಬಯಾಸ್ ಅಥವಾ ಬೋರ್ಡ್ ಬದಲಾದಾಗ ವಿಂಡೋಸ್ ಇದನ್ನು ಕೇಳಬಹುದು. ಕೀ ಇಲ್ಲಾಂದ್ರೆ ಡಿಸ್ಕ್ ಚೆನ್ನಾಗಿದ್ದರೂ ಒಳಗಿನದು ಸಿಗಲ್ಲ.

3. ಕೊನೆಗೆ ಬದಲಿಸಿದ್ದನ್ನು ವಾಪಸ್ ಮಾಡಿ. ಅದೊಂದನ್ನೇ. ಪ್ಲಗ್ ತೆಗೆದು, ಪವರ್ ಬಟನ್ ಕೆಲ ಸೆಕೆಂಡ್ ಒತ್ತಿ ಹಿಡಿದು, ಕೇಸಿನ ಲೋಹ ಮುಟ್ಟಿ ಕೆಲಸ ಶುರು ಮಾಡಿ. ದಿನವಿಡೀ ಏಸಿ ಓಡುವ ಒಣ ರೂಮಿನಲ್ಲಿ ಮೈಯಲ್ಲಿ ಸ್ಥಿರ ವಿದ್ಯುತ್ ಕೂತಿರುತ್ತೆ, ಚಿಪ್ಪಿಗೆ ಅದೇ ಸಾಕು.

4. ಎದ್ದರೆ, ಮೊದಲ ಕೆಲಸ ಫೈಲ್ ಕಾಪಿ. ಏಳದಿದ್ದರೆ ಸೇಫ್ ಮೋಡ್ ನೋಡಿ. ವಿಂಡೋಸ್ ಏಳುವಾಗ ಸಾಲಾಗಿ ಎರಡು–ಮೂರು ಸಲ ತಡೆದರೆ ರಿಪೇರಿ ಪರದೆ ಬರುತ್ತೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರಿಸ್ಟಾರ್ಟ್, ಆಮೇಲೆ 4. ಅದೂ ಆಗದಿದ್ದರೆ ಎಸ್‌ಎಸ್‌ಡಿ ಬಿಚ್ಚಿ, ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ಕಾಪಿ ಮಾಡಿಕೊಳ್ಳಿ.

5. ಫೈಲ್ ಕೈಗೆ ಬಂದ ಮೇಲಷ್ಟೇ ದೋಷ ಹುಡುಕಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಡಿ. ಫಾರ್ಮ್ಯಾಟ್ ಅನ್ನೋ ಮಾತು ಎಲ್ಲಕ್ಕಿಂತ ಕೊನೆಗೆ.

ನಮ್ಮ ಮಷಿನ್ ಎದ್ದದ್ದು

ಹಳೆ ಸ್ಟಿಕ್ ಒಂದನ್ನೇ ಇಟ್ಟು, ಕೇಬಲ್ ಮೊದಲಿನ ಜಾಗಕ್ಕೆ ಹಾಕಿದೆವು. ಏಳಲಿಲ್ಲ. ಡಿಸ್ಕ್ ಮೋಡ್ ವಾಪಸ್ 'ಎಎಚ್‌ಸಿಐ' ಮಾಡಿದೆವು. ಎದ್ದಿತು. ಯಾರೂ ಮಾತಾಡಲಿಲ್ಲ, ಹುಬ್ಬಳ್ಳಿಯವ ಪೆನ್‌ಡ್ರೈವ್ ಹುಡುಕುತ್ತಿದ್ದ. ಪೆನ್‌ಡ್ರೈವ್‌ಗೂ ಕ್ಲೌಡಿಗೂ ಹೋಗಿ, ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಫೈಲ್ ತೆರೆದು ನೋಡಿದ ಮೇಲೆಯೇ ಅವನ ಮುಖಕ್ಕೆ ಕಳೆ ಬಂದದ್ದು.

ಇನ್ನು ಸ್ಟಿಕ್‌ನ ವಿಚಾರಣೆ. ಮೆಮ್‌ಟೆಸ್ಟ್86 ಅನ್ನೋ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿನಿಂದ ಓಡಿಸಿದೆವು. ಹೊಸ ಸ್ಟಿಕ್ ಒಂದನ್ನೇ ಹಾಕಿದಾಗ ಕೆಂಪು ಸಾಲುಗಳು. ತಪ್ಪು ಸ್ಟಿಕ್‌ನದೋ, ಸ್ಲಾಟಿನದೋ? ಇನ್ನೊಂದು ಸ್ಲಾಟಿಗೆ ಹಾಕಿದೆವು, ಅಲ್ಲೂ ಕೆಂಪು. ಅದೇ ಸ್ಲಾಟುಗಳಲ್ಲಿ ಹಳೆ ಸ್ಟಿಕ್ ರಾತ್ರಿಯಿಡೀ ಓಡಿತು, ಒಂದೂ ತಪ್ಪಿಲ್ಲ. ಈ ಪರೀಕ್ಷೆಯಲ್ಲಿ ಒಂದೇ ಒಂದು ತಪ್ಪು ಬಂದರೂ ಸಾಕು, ಅದನ್ನು ನಂಬಬಾರದು.

ಒಂದು ಮಾತು: ಎರಡು ಒಳ್ಳೆ ಸ್ಟಿಕ್‌ಗಳೂ ಜೊತೆಗೆ ಹೊಂದದೆ ಇರಬಹುದು. ವೇಗ ಬೇರೆ ಇದ್ದರೆ ಸಾಮಾನ್ಯವಾಗಿ ಎರಡೂ ನಿಧಾನದ್ದರ ವೇಗದಲ್ಲಿ ಓಡುತ್ತವೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆನ್ ಇದ್ದರೆ ಆಫ್ ಮಾಡಿ ನೋಡಿ. ಒಂದೊಂದಾಗಿ ಪಾಸ್, ಒಟ್ಟಿಗೆ ಫೇಲ್ ಅಂದ್ರೆ ಜೋಡಿ ಸರಿಯಿಲ್ಲ ಅಂತ.

ಫೋಟೋಗಳನ್ನು ಅಂಗಡಿಯವರಿಗೆ ತೋರಿಸಿದೆವು. ವಾದ ಬೇಕಾಗಲಿಲ್ಲ, ಬದಲಿಸಿಕೊಟ್ಟರು. "ಕಂಪ್ಯೂಟರ್ ಕೆಟ್ಟಿದೆ" ಅಂತ ಬರಿಗೈಲಿ ಹೋಗಿದ್ದರೆ ಹಾಗಾಗುತ್ತಿರಲಿಲ್ಲ ಅಂತ ನಮ್ಮ ನಂಬಿಕೆ.

ಕೊನೆಯ ಮಾತು

ನೀಲಿ ಪರದೆಗೆ ಹಾರ್ಡ್‌ವೇರೇ ಕಾರಣ ಆಗಬೇಕಿಲ್ಲ. 2024ರ ಜುಲೈ 19ರಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಮಷಿನ್‌ಗಳು ಬಿದ್ದವು. ಯಾರೂ ಸ್ಕ್ರೂ ಬಿಚ್ಚಿರಲಿಲ್ಲ; ಕ್ರೌಡ್‌ಸ್ಟ್ರೈಕ್ ಅನ್ನೋ ಕಂಪನಿಯ ಸೆಕ್ಯೂರಿಟಿ ಸಾಫ್ಟ್‌ವೇರಿನ ಒಂದು ಅಪ್‌ಡೇಟ್ ಫೈಲ್ ಕೆಟ್ಟಿತ್ತು. ಪರಿಹಾರ? ಸೇಫ್ ಮೋಡಿಗೆ ಹೋಗಿ ಆ ಫೈಲನ್ನು ಅಳಿಸೋದು. ಅಲ್ಲೂ ಅಷ್ಟೇ, ಕೊನೆಗೆ ಬದಲಾದದ್ದನ್ನು ಹಿಂದಕ್ಕೆ ತಂದರು.

ಊರಲ್ಲಾದರೆ ಗುರುತಿನ ರಿಪೇರಿಯವನಿಗೆ ಒಂದು ಫೋನ್ ಹಾಕುತ್ತಿದ್ದೆವು. ಇಲ್ಲಿ ನಮಗೆ ನಾವೇ. ದುಬೈ ಇರಲಿ, ಡಬ್ಲಿನ್ ಇರಲಿ, ನಾಲ್ಕು ಜನ ಒಂದು ಮಷಿನ್ ಸುತ್ತ ನಿಂತಾಗ ನಾಲ್ಕು ಜೊತೆ ಕೈ ಬೇಡ. ಒಬ್ಬ ಮುಟ್ಟಲಿ, ಒಬ್ಬ ಬರೆಯಲಿ, ಉಳಿದವರು ಚಹಾ ಮಾಡಲಿ. ಥೀಸಿಸ್ ಎರಡು ದಿನ ಮೊದಲೇ ಸಲ್ಲಿಕೆ ಆಯ್ತು. ಈಗ ಪ್ರತಿ ಶುಕ್ರವಾರ ನಮ್ಮ ರೂಮಿನಲ್ಲಿ ಬ್ಯಾಕಪ್. ನಿಮ್ಮ ಕೊನೆಯ ಬ್ಯಾಕಪ್ ಯಾವತ್ತಿನದು? ಈ ಪುಟ ಮುಚ್ಚುವ ಮೊದಲು ಒಮ್ಮೆ ನೋಡಿಬಿಡಿ.