ಮೂತ್ರಪಿಂಡದ ಕಲ್ಲು ಮತ್ತು ಜೀವಸತ್ವಗಳು



ಅನ್ನದಲ್ಲಿ ಸಿಕ್ಕ ಕಲ್ಲು ನುಂಗಿದರೆ ಅದೇ ಹೋಗಿ ಮೂತ್ರಪಿಂಡದಲ್ಲಿ ಕೂತುಬಿಡುತ್ತದೆ ಅಂತ ನಮ್ಮೂರಲ್ಲಿ ಬಹಳ ಜನ ಹೇಳ್ತಾರೆ. ಇದು ಸುಳ್ಳು. ಅನ್ನದ ಕಲ್ಲು ಜಠರ, ಕರುಳು ದಾಟಿ ಮಲದ ಜೊತೆ ಹೊರಗೆ ಹೋಗುತ್ತದೆ. ಮೂತ್ರಪಿಂಡದ ಕಲ್ಲು ಅಲ್ಲೇ ಬೆಳೆಯುವಂಥದ್ದು. ಉಪ್ಪುನೀರನ್ನು ತಟ್ಟೆಯಲ್ಲಿ ಹಾಕಿ ಬಿಸಿಲಿಗಿಟ್ಟರೆ ನೀರು ಕಡಿಮೆಯಾಗಿ ಹರಳು ಕಟ್ಟುತ್ತದಲ್ಲಾ, ಹಾಗೆ.

ಹೆಚ್ಚಿನ ಕಲ್ಲುಗಳು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ವಸ್ತುವಿನಿಂದ ಆಗಿರುತ್ತವೆ. ಕ್ಯಾಲ್ಸಿಯಂ ಅಂದರೆ ಸುಣ್ಣದ ಅಂಶ. ಆಕ್ಸಲೇಟಿನ ಹೆಸರು ಕೇಳದವರಿಗೂ ಅದರ ಪರಿಚಯ ಉಂಟು. ಪತ್ರೊಡೆಗೆ ಹಾಕಿದ ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದೆ. ಎಲೆಯಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳೇ ಅದಕ್ಕೆ ಕಾರಣ. ಪಾಲಕ್, ದಂಟಿನ ಸೊಪ್ಪು, ಬೀಟ್‌ರೂಟ್, ಶೇಂಗಾ, ಚಹಾ ಇವುಗಳಲ್ಲೂ ಆಕ್ಸಲೇಟ್ ಇದೆ.

ಊಟದಿಂದ ಬರುವುದಷ್ಟೇ ಅಲ್ಲ, ನಮ್ಮ ಯಕೃತ್ತೂ ಆಕ್ಸಲೇಟ್ ತಯಾರಿಸುತ್ತದೆ. ಜೀವಸತ್ವದ ಕೆಲಸ ಇರುವುದು ಇಲ್ಲೇ. ಯಕೃತ್ತಿನಲ್ಲಿ ಗ್ಲಯಾಕ್ಸಿಲೇಟ್ ಎಂಬ ವಸ್ತು ಉಂಟಾಗುತ್ತದೆ. ಅದು ಒಂದು ದಾರಿ ಹಿಡಿದರೆ ಗ್ಲೈಸಿನ್ ಆಗುತ್ತದೆ, ಪ್ರೋಟೀನು ಕಟ್ಟಲು ಬೇಕಾಗುತ್ತದೆ. ಇನ್ನೊಂದು ದಾರಿ ಹಿಡಿದರೆ ಆಕ್ಸಲೇಟ್ ಆಗುತ್ತದೆ. ಆಕ್ಸಲೇಟನ್ನು ನಮ್ಮ ದೇಹ ಒಡೆಯಲಾರದು, ಮೂತ್ರದಲ್ಲೇ ಹೊರಹಾಕಬೇಕು. ಗ್ಲೈಸಿನ್ ಮಾಡುವ ಕಿಣ್ವಕ್ಕೆ ಬಿ6 ಜೀವಸತ್ವ ಬೇಕೇ ಬೇಕು. ಬಿ6 ಇಲ್ಲದಿದ್ದರೆ, ಒಂದು ಕಾಲುವೆ ಕಟ್ಟಿಕೊಂಡಾಗ ನೀರು ಪಕ್ಕದ ಗದ್ದೆಗೆ ನುಗ್ಗಿದ ಹಾಗೆ, ಆಕ್ಸಲೇಟ್ ಜಾಸ್ತಿಯಾಗುತ್ತದೆ. ಬಿ6 ಇಲ್ಲದ ಆಹಾರ ತಿಂದ ಇಲಿಗಳಲ್ಲಿ ಹೀಗೆ ಕಲ್ಲು ಕಂಡಿದೆ. ಮನುಷ್ಯರಿಗೆ ಬಿ6 ಕೊರತೆ ಒಂದರಿಂದಲೇ ಕಲ್ಲಾಗುತ್ತದೆ ಅನ್ನಲಾಗದು. ಆದರೆ ಈ ಕಿಣ್ವವೇ ಹುಟ್ಟಿನಿಂದ ಕೆಟ್ಟಿರುವ ಅಪರೂಪದ ಕಾಯಿಲೆಯೊಂದಿದೆ. ಅದು ಬಂದ ಕೆಲವರಿಗೆ ಬಿ6 ಕೊಟ್ಟರೆ ಆಕ್ಸಲೇಟ್ ಕಡಿಮೆಯಾಗುತ್ತದೆ.

ದೊಡ್ಡವರಿಗೆ ದಿನಕ್ಕೆ ಸುಮಾರು 2 ಮಿಲಿಗ್ರಾಂ ಬಿ6 ಸಾಕು. ಬಾಳೆಹಣ್ಣು, ಕಡಲೆ, ಆಲೂಗಡ್ಡೆ, ಮೀನು ಇವುಗಳಲ್ಲಿ ಸಿಗುತ್ತದೆ. ಮಿಲ್ಲಿನಲ್ಲಿ ಅಕ್ಕಿಗೆ ಪಾಲಿಶ್ ಕೊಟ್ಟಾಗ ಬಹಳಷ್ಟು ಬಿ6 ತೌಡಿನ ಜೊತೆ ಹೋಗುತ್ತದೆ. ಬೆಳ್ಳಗಿನ ಅನ್ನ ನಮಗೆ, ಜೀವಸತ್ವ ಎಮ್ಮೆಗೆ!

ಸಿ ಜೀವಸತ್ವದ್ದು ಉಲ್ಟಾ ಕಥೆ. ಕಡಿಮೆಯಾದರೆ ಸ್ಕರ್ವಿ ರೋಗ. ವಿಪರೀತ ಹೆಚ್ಚಾದರೆ ಅದರಲ್ಲೇ ಸ್ವಲ್ಪ ಭಾಗ ಆಕ್ಸಲೇಟ್ ಆಗುತ್ತದೆ. ಸ್ವೀಡನ್ ದೇಶದಲ್ಲಿ ಸಿ ಗುಳಿಗೆ ನುಂಗುತ್ತಿದ್ದ ಗಂಡಸರಿಗೆ ಕಲ್ಲಿನ ತೊಂದರೆ ಸುಮಾರು ಎರಡು ಪಟ್ಟು ಕಂಡಿತೆಂದು 2013ರಲ್ಲಿ ಪ್ರಕಟವಾಯಿತು. ಅದು ಗುಳಿಗೆಯ ಮಾತು. ನೆಲ್ಲಿಕಾಯಿ, ಪೇರಳೆ ಹಣ್ಣಿಗೆ ಯಾರೂ ಹೆದರಬೇಕಾಗಿಲ್ಲ.

ಇನ್ನು ಹಾಲಿನ ವಿಷಯ. ನಮ್ಮ ದೊಡ್ಡಪ್ಪನಿಗೆ ಕಲ್ಲಾದಾಗ, ಸುಣ್ಣದ ಅಂಶ ಇದೆ ಅಂತ ಮನೆಯವರೆಲ್ಲ ಸೇರಿ ಹಾಲು ಮೊಸರು ಬಿಡಿಸಿದರು. ನೋವಿಗೆ ದೊಡ್ಡಪ್ಪ ರಾತ್ರಿಯೆಲ್ಲಾ ಒದ್ದಾಡುತ್ತಿದ್ದರು. ಡಾಕ್ಟರು ಕೇಳಿ ಬೈದರಂತೆ! ಊಟದ ಜೊತೆ ತಿಂದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ. ಎರಡೂ ಮಲದಲ್ಲಿ ಹೋಗುತ್ತವೆ, ರಕ್ತಕ್ಕೆ ಸೇರುವುದಿಲ್ಲ. ಮೊಸರು ಬಿಟ್ಟರೆ ಆಕ್ಸಲೇಟಿಗೆ ತಡೆಯೇ ಇಲ್ಲ. ಅವರು ಬಿಸಿಲಲ್ಲಿ ಇಡೀ ದಿನ ಗದ್ದೆಯಲ್ಲಿದ್ದು ಒಂದು ಚೊಂಬು ನೀರು ಕುಡಿಯುತ್ತಿದ್ದರು. ದಿನಕ್ಕೆ ಎರಡೂವರೆ ಲೀಟರಾದರೂ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು ಅಂತ ಡಾಕ್ಟರು ಹೇಳಿದ್ದಾರೆ. ಈಗ ದೊಡ್ಡಪ್ಪ ಗದ್ದೆಗೆ ಹೊರಟರೆ ಹೆಗಲಲ್ಲಿ ಗುದ್ದಲಿ, ಕೈಯಲ್ಲಿ ಐದು ಲೀಟರಿನ ಕ್ಯಾನು.

– 7ನೇ ತರಗತಿ